ಪೈಲ್ವಾನನ ಕಿವಿ ಏನು ಹೇಳ್ತದ? ಜೋಡಿ ಹಚ್ಚುವ ಕಣ್ಣಿನ ಇತಿಹಾಸ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಜಾತ್ರೆ ಕುಸ್ತಿಗಳಲ್ಲಿ ತಕ್ಕಡಿ ಇಲ್ಲದೆ ಸರಿಜೋಡಿ ಹುಡುಕೋದು ಹೇಗೆ? ಕಿವಿ, ಲಂಗೋಟ, ನಡಿಗೆ ನೋಡಿ ಆಟಗಾರನನ್ನು ಅಳೆಯುವ ಈ ವಿದ್ಯೆಗೆ ಸಾವಿರ ವರ್ಷದ ಹಿನ್ನೆಲೆ ಇದೆ. ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.



ಇಯರ್‌ಬಡ್ ಹಾಕ್ಕೊಂಡು ಕೇಳ್ತಾ ಇದ್ದೀರಿ, ಹೌದಲ್ಲ? ಅದು ಕಿವಿಯೊಳಗ ಸರಿಯಾಗಿ ಕುಂತದ ಅಂದ್ರ ನೀವು ಹಳೇ ಪೈಲ್ವಾನರು ಅಲ್ಲ ಅಂತ ಹೇಳಬಹುದು. ವರ್ಷಗಟ್ಟಲೆ ಕುಸ್ತಿ ಆಡಿದವರ ಕಿವಿ ಬಾತು, ಮುದುಡಿ, ಗಟ್ಟಿಯಾಗಿ, ರಂಧ್ರವೇ ಸಣ್ಣದಾಗಿರುತ್ತದೆ. ಇಯರ್‌ಬಡ್ ಅಲ್ಲಿ ನಿಲ್ಲೋದೇ ಕಷ್ಟ. ನಮ್ಮ ಕಡೆ ಬಸ್ಸಿನಲ್ಲಿ, ಸಂತೆಯಲ್ಲಿ ಇಂಥ ಕಿವಿ ಕಂಡರೆ ಸಾಕು, ಹಿರಿಯರು ಕೇಳೇ ಬಿಡ್ತಾರೆ: "ಯಾವ ಗರಡಿಮನಿ ತಮ್ಮಾ?"

ಇವತ್ತಿನ ಸಂಚಿಕೆ ಈ ಪ್ರಶ್ನೆಯ ಬಗ್ಗೆ. ಆಟಗಾರನ ಮೈ, ಅವನ ಸಾಮಾನು, ಅವನ ರೂಢಿ ನೋಡಿ ಅವನು ಎಷ್ಟು ಪಳಗಿದವನು ಅಂತ ಹೇಳಬಹುದಾ? ಹೇಳಬಹುದು ಅಂದರೆ, ಆ ಕಣ್ಣು ಯಾಕೆ ಬೇಕಿತ್ತು? ಎಲ್ಲೆಲ್ಲಿ ಅದು ಮೋಸ ಹೋಯ್ತು?

ತಕ್ಕಡಿ ಇಲ್ಲದ ಖಾಡಾ

ಮೊದಲು ನಮ್ಮ ಜಾತ್ರೆ ಕುಸ್ತಿ ಹೇಗೆ ನಡೀತದ ಅನ್ನೋದನ್ನ ನೋಡೋಣ. ಬಸವನ ಬಾಗೇವಾಡಿಯಲ್ಲಿ ಶ್ರಾವಣದಲ್ಲಿ ಬಸವೇಶ್ವರ ಜಾತ್ರೆ. ಇಂಡಿಯಲ್ಲಿ ಸಂಕ್ರಾಂತಿ ಹೊತ್ತಿಗೆ ಶಾಂತೇಶ್ವರ ಜಾತ್ರೆ. ಸಿಂದಗಿ, ಮುದ್ದೇಬಿಹಾಳ ಕಡೆ ಹಳ್ಳಿಗಳಲ್ಲಿ ಹನುಮಪ್ಪನ ಓಕುಳಿ, ಊರ ದೇವತೆಯ ಜಾತ್ರೆ. ತೇರು, ಬಳೆ ಅಂಗಡಿ, ನಾಟಕದ ಜೊತೆಗೆ ಕುಸ್ತಿಯೂ ಇದ್ದರೇ ಜಾತ್ರೆಗೆ ಕಳೆ. ಕೆಲವು ಕಡೆ ಸಂಗ್ರಾಣಿ ಕಲ್ಲು, ಗುಂಡು, ಉಸುಕಿನ ಚೀಲ ಎತ್ತುವ ಸ್ಪರ್ಧೆಯೂ ಇರ್ತದೆ.

ಮೊದಲು ಸಣ್ಣ ಹುಡುಗರ ಕುಸ್ತಿ. ಗೆದ್ದವರಿಗೆ ತೆಂಗಿನಕಾಯಿ. ಆಮೇಲೆ ರೊಕ್ಕದ ಕುಸ್ತಿ, ಮೊತ್ತ ಏರುತ್ತಾ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಕಡೆಯ ದೊಡ್ಡ ಕುಸ್ತಿ. ಅದಕ್ಕೆ ಬೆಳ್ಳಿ ಕಡಗ ಅಥವಾ ಬೆಳ್ಳಿ ಗದೆ. ಹಲಗಿ ಬಾರಿಸುವವರು ಕೈ ಬಿಡುವಂತಿಲ್ಲ.

ಒಲಿಂಪಿಕ್ಸ್ ಕುಸ್ತಿಯಲ್ಲಿ ತೂಕದ ವರ್ಗಗಳಿವೆ. 57 ಕಿಲೋದವನು 57 ಕಿಲೋದವನ ಜೊತೆಗೇ ಆಡಬೇಕು. ಜಾತ್ರೆಯಲ್ಲಿ ಹಾಗಲ್ಲ. ಆಡುವವರು ಖಾಡಾದ ಸುತ್ತ ಬಂದು ಕೂರ್ತಾರೆ. ಊರ ಹಿರಿಯರು, ಹಳೇ ವಸ್ತಾದರು ಇಬ್ಬರನ್ನು ಎಬ್ಬಿಸಿ, ಪಕ್ಕಪಕ್ಕ ನಿಲ್ಲಿಸಿ, ಒಂದು ಸಲ ಮೇಲಿಂದ ಕೆಳಗೆ ನೋಡ್ತಾರೆ. ಸರಿ ಅನಿಸಿದರೆ ಇಬ್ಬರ ಕೈ ಹಿಡಿಸಿ ಸುತ್ತು ಹಾಕಿಸ್ತಾರೆ. ಇದಕ್ಕೆ ಜೋಡಿ ಹಚ್ಚೋದು ಅಂತಾರೆ. ತೂಕ ಇಲ್ಲ, ದಾಖಲೆ ಇಲ್ಲ, ಹಿಂದೆ ಎಷ್ಟು ಗೆದ್ದಿದ್ದಾನೆ ಅನ್ನೋ ಪಟ್ಟಿ ಇಲ್ಲ. ಇರೋದು ಕಣ್ಣು ಮಾತ್ರ.

ಈ ಕಣ್ಣು ತಪ್ಪಿದರೆ ಏನಾಗ್ತದೆ? ಆರು ತಿಂಗಳು ತಾಲೀಮು ಮಾಡಿದ ಹುಡುಗನ ಎದುರು ಆರು ವರ್ಷ ಪಳಗಿದವನು ನಿಂತರೆ ಭುಜದ ಕೀಲು ತಪ್ಪಬಹುದು, ಕುತ್ತಿಗೆಗೆ ಪೆಟ್ಟಾಗಬಹುದು. ಹುಡುಗ ಮುಂದಿನ ಬಿತ್ತನೆ ಹೊತ್ತಿಗೆ ಹೊಲಕ್ಕೆ ಹೋಗೋದಕ್ಕೂ ಆಗದೇ ಇರಬಹುದು. ಪಳಗಿದವನೊಬ್ಬ ಇನಾಮಿನ ಆಸೆಗೆ ತಲೆಗೆ ಟವೆಲ್ ಸುತ್ತಿ ಕಿವಿ ಮುಚ್ಚಿಕೊಂಡು, ಲುಂಗಿ ಉಟ್ಟು ಸುಮ್ಮನೆ ಮೂಲೆಯಲ್ಲಿ ಕೂತರೆ ಅವನನ್ನೂ ಗುರುತಿಸಬೇಕು. ಆಟಗಾರನನ್ನು ನೋಡೇ ಅಳೆಯೋ ವಿದ್ಯೆ ನಮ್ಮಲ್ಲಿ ಬೆಳೆದದ್ದು ಹೀಗೆ. ಅದರ ಮೊದಲ ಉದ್ದೇಶ ಯಾರಿಗೂ ಅನ್ಯಾಯ ಆಗಬಾರದು, ಯಾರ ಮೈಗೂ ಪೆಟ್ಟಾಗಬಾರದು ಅನ್ನೋದು.

ಕಿವಿ ಯಾಕೆ ಮುದುಡುತ್ತದೆ?

ಮೊದಲು ಎಲ್ಲರ ಕಣ್ಣಿಗೂ ಬೀಳೋ ಗುರುತು, ಕಿವಿ. ನಮ್ಮ ಹೊರಗಿವಿಯಲ್ಲಿ ಇರೋದು ಮೆದು ಎಲುಬು. ಅದಕ್ಕೆ ಸ್ವಂತ ರಕ್ತನಾಳ ಇಲ್ಲ. ಮೇಲಿನ ತೆಳು ಪೊರೆಯಿಂದಲೇ ಅದಕ್ಕೆ ಆಹಾರ ಸಿಗಬೇಕು. ಕುಸ್ತಿಯಲ್ಲಿ ತಲೆಗೆ ತಲೆ ಹಚ್ಚಿ ಒತ್ತುವಾಗ, ಎದುರಾಳಿಯ ತೋಳಿನ ಸಂದಿಯಿಂದ ತಲೆ ಕಿತ್ತುಕೊಳ್ಳುವಾಗ ಕಿವಿ ಉಜ್ಜಿ ಮಡಚಿಕೊಳ್ಳುತ್ತದೆ. ಪೊರೆಗೂ ಮೆದು ಎಲುಬಿಗೂ ನಡುವೆ ರಕ್ತ ತುಂಬುತ್ತದೆ. ಆಹಾರ ಸಿಗದ ಮೆದು ಎಲುಬು ಸಾಯುತ್ತದೆ, ಆ ಜಾಗದಲ್ಲಿ ಗಟ್ಟಿ ಗಾಯದ ಅಂಶ ಬೆಳೆಯುತ್ತದೆ. ಹೀಗೆ ಮತ್ತೆ ಮತ್ತೆ ಆದಾಗ ಕಿವಿ ಹೂಕೋಸಿನ ಹಾಗೆ ಆಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಕಾಲಿಫ್ಲವರ್ ಇಯರ್ ಅನ್ನೋದೂ ಅದಕ್ಕೇ.

ಈ ಗುರುತು ಎಷ್ಟು ಹಳೆಯದು? ರೋಮ್‌ನಲ್ಲಿ 1885ರಲ್ಲಿ ನೆಲ ಅಗೆಯುವಾಗ ಒಂದು ಕಂಚಿನ ಮೂರ್ತಿ ಸಿಕ್ಕಿತು. ಪಂದ್ಯ ಮುಗಿಸಿ ಕೂತ ಗ್ರೀಕ್ ಮುಷ್ಟಿಕಾಳಗದವನ ಮೂರ್ತಿ ಅದು. ಎರಡು ಸಾವಿರ ವರ್ಷಕ್ಕಿಂತ ಹಳೆಯದು. ಅವನ ಮೂಗು ಮುರಿದಿದೆ, ಕೈಗೆ ತೊಗಲಿನ ಪಟ್ಟಿ ಸುತ್ತಿದೆ, ಕಿವಿ ಬಾತಿದೆ. ಶಿಲ್ಪಿಗೆ ಗೊತ್ತಿತ್ತು, ಕಿವಿ ತೋರಿಸಿದರೆ ಇವನ್ಯಾರು ಅಂತ ಬೇರೆ ಹೇಳಬೇಕಾಗಿಲ್ಲ ಅಂತ.

ಅದೇ ಗ್ರೀಸಿನಲ್ಲಿ ನಕಲಿಯೂ ಹುಟ್ಟಿತು. ತತ್ವಜ್ಞಾನಿ ಪ್ಲೇಟೋ ಬರೆದ 'ಪ್ರೊಟಾಗೊರಸ್' ಸಂವಾದದಲ್ಲಿ ಸಾಕ್ರೆಟಿಸ್ ಒಂದು ತಮಾಷೆ ಮಾಡುತ್ತಾನೆ. ಸ್ಪಾರ್ಟಾದವರ ಶೌರ್ಯಕ್ಕೆ ಮರುಳಾದ ಬೇರೆ ಊರಿನ ಜನ ಅವರ ಹಾಗೆ ಕಾಣಬೇಕು ಅಂತ ಕಿವಿ ಜಜ್ಜಿಸಿಕೊಳ್ತಾರಂತೆ, ಕೈಗೆ ತೊಗಲು ಸುತ್ತಿಕೊಳ್ತಾರಂತೆ, ಗಿಡ್ಡ ಮೇಲಂಗಿ ತೊಡ್ತಾರಂತೆ. ಸ್ಪಾರ್ಟಾದವರ ನಿಜವಾದ ಬಲ ಬೇರೆಲ್ಲೋ ಇದೆ, ಇವರು ಮಾತ್ರ ಕಿವಿ ಹಿಡಿದುಕೊಂಡು ಕೂತಿದ್ದಾರೆ ಅನ್ನೋದು ಅವನ ಚುಚ್ಚು ಮಾತು. ಇದು ಕ್ರಿಸ್ತಪೂರ್ವ ಕಾಲದ ಮಾತು. ಈಗಿನ ರೀಲ್ಸ್ ನೋಡಿ ಹೇಳಿದ ಹಾಗಿದೆ, ಅಲ್ವಾ?

ಕಲ್ಯಾಣದ ರಾಜ ಮಾಡಿದ ವರ್ಗ

ಗ್ರೀಸ್ ಬಿಟ್ಟು ನಮ್ಮ ನೆಲಕ್ಕೆ ಬರೋಣ. ಇಂಡಿ ಸೀಮೆಯಲ್ಲಿ ಭೀಮಾ ನದಿಯ ಕಡೆ ತದ್ದೇವಾಡಿ ಅಂತ ಊರಿದೆ. ಸಾವಿರ ವರ್ಷದ ಹಿಂದೆ ಅದು ತರ್ದವಾಡಿ ಸಾವಿರ ಅನ್ನೋ ನಾಡಿನ ಮುಖ್ಯ ಊರು. ರಾಷ್ಟ್ರಕೂಟರ ಕೈಕೆಳಗೆ ಆ ನಾಡನ್ನು ಆಳುತ್ತಿದ್ದವನು ಎರಡನೇ ತೈಲಪ. ಅವನೇ 973ರಲ್ಲಿ ರಾಷ್ಟ್ರಕೂಟರನ್ನು ಕೆಳಗಿಳಿಸಿ ಹೊಸ ಚಾಲುಕ್ಯ ರಾಜ್ಯ ಕಟ್ಟಿದ. ಮುಂದೆ ಈ ವಂಶದ ರಾಜಧಾನಿ ಕಲ್ಯಾಣ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಬದುಕಿನ ದೊಡ್ಡ ಅಧ್ಯಾಯ ನಡೆದದ್ದೂ ಅದೇ ಕಲ್ಯಾಣದಲ್ಲಿ.

ಈ ವಂಶದ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ಒಂದು ಗ್ರಂಥ ಬರೆದ. ಹೆಸರು 'ಮಾನಸೋಲ್ಲಾಸ'. ರಾಜನಾದವನು ತಿಳಿದಿರಬೇಕಾದ ನೂರು ವಿಷಯ ಅದರಲ್ಲಿವೆ: ಅಡುಗೆ, ಆನೆ, ರತ್ನ, ಸಂಗೀತ, ಚಿತ್ರ. ಅದರಲ್ಲೇ 'ಮಲ್ಲವಿನೋದ' ಅನ್ನೋ ಭಾಗವೂ ಇದೆ. ಕುಸ್ತಿಯವರನ್ನು ವಯಸ್ಸು, ಗಾತ್ರ, ಬಲ ನೋಡಿ ಬೇರೆ ಬೇರೆ ವರ್ಗ ಮಾಡೋದು ಹೇಗೆ ಅಂತ ರಾಜನೇ ಬರೆದಿದ್ದಾನೆ. ಮೇಲಿನ ವರ್ಗಕ್ಕೆ ಜ್ಯೇಷ್ಠಿಕ ಅಂತ ಹೆಸರು. ಮೈಸೂರಿನ ಜೆಟ್ಟಿಗಳನ್ನು ಕೇಳಿದ್ದೀರಲ್ಲ, ದಸರೆಯಲ್ಲಿ ವಜ್ರಮುಷ್ಟಿ ಕಾಳಗ ಆಡುವವರು? ಆ 'ಜೆಟ್ಟಿ' ಪದದ ಬೇರೂ ಈ 'ಜ್ಯೇಷ್ಠ' ಪದದಲ್ಲೇ ಇದೆ.

ವರ್ಗ ಮಾಡಿ ಬಿಡುವುದಷ್ಟೇ ಅಲ್ಲ. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಿಹಿ ಕೊಡುವ ಜವಾಬ್ದಾರಿ ರಾಜನದು. ಅಭ್ಯಾಸದ ಕ್ರಮವೂ ಇದೆ. ಭಾರ ಹೊರುವುದು, ನಡೆಯುವುದು, ಈಜುವುದು, ಕಂಬದ ಮೇಲೆ ಕಸರತ್ತು ಮಾಡುವುದು. ಆ ಕಂಬದ ಶ್ರಮವೇ ಇವತ್ತಿನ ಮಲ್ಲಕಂಬದ ಹಳೆಯ ರೂಪ ಅಂತ ಹೇಳುತ್ತಾರೆ. ಮಲ್ಲಕಂಬದಿಂದ ಬಂದ ಹುಡುಗನ ಹಿಡಿತ ಬೇರೆಯೇ ಇರ್ತದೆ, ಅದೂ ಒಂದು ಗುರುತು.

ಇಲ್ಲಿ ಗಮನಿಸಬೇಕಾದ ಸಂಗತಿ, ರಾಜ ಗಾತ್ರ ಒಂದನ್ನೇ ನೋಡಿಲ್ಲ. ವಯಸ್ಸು, ಬಲ, ಅಭ್ಯಾಸ ಎಲ್ಲ ಕೂಡಿಸಿ ನೋಡಿದ್ದಾನೆ. ಜಾತ್ರೆಯಲ್ಲಿ ಜೋಡಿ ಹಚ್ಚುವ ಹಿರಿಯರು ಮಾಡೋದೂ ಅದನ್ನೇ. ಪುಸ್ತಕ ಓದಿ ಮಾಡೋದಲ್ಲ, ಸಾವಿರ ಕುಸ್ತಿ ನೋಡಿ ಕಲಿತದ್ದು.

ನಿಯಮ ಬದಲಾದರೆ ಗುರುತೂ ಬದಲು

ಈಗ ಒಂದು ಪ್ರಶ್ನೆ. ಎಲ್ಲ ಕಾಲದಲ್ಲೂ ಕಿವಿಯೇ ಗುರುತಾಗಿತ್ತಾ? ಇಲ್ಲ.

1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಮಹಾನವಮಿ ಹಬ್ಬದ ಮಲ್ಲರ ಬಗ್ಗೆ ಬರೆದಿದ್ದಾನೆ. ಇದು ನಮ್ಮ ದೇಶದ ಕುಸ್ತಿಯ ಹಾಗಲ್ಲ, ಇಲ್ಲಿ ಹೊಡೆತ ಇದೆ, ಹಲ್ಲು ಮುರೀತವೆ, ಕಣ್ಣು ಹೋಗ್ತವೆ, ಮುಖ ಕೆಡ್ತದೆ, ಮಾತಾಡೋ ಶಕ್ತಿ ಇಲ್ಲದವರನ್ನ ಗೆಳೆಯರು ಹೊತ್ತೊಯ್ತಾರೆ ಅನ್ನೋದು ಅವನ ವರದಿಯ ಸಾರ. ಅಂದರೆ ಆ ಕಾಲದ ಮಲ್ಲನನ್ನು ಹಲ್ಲು, ಮುಖ ನೋಡಿ ಗುರುತಿಸಬೇಕಿತ್ತು. ಗುದ್ದೋದು ಬಿಟ್ಟು ಹಿಡಿದು ಕೆಡವೋ ಆಟವಾದ ಮೇಲೆ ಗುರುತು ಮುಖದಿಂದ ಕಿವಿಗೆ ಸರಿಯಿತು.

ಇದು ನಮ್ಮೂರ ಕಥೆ ಮಾತ್ರ ಅಲ್ಲ. ಕೆನಡಾದ ಐಸ್ ಹಾಕಿ ತಗೊಳ್ಳಿ. ಮಂಜುಗಡ್ಡೆಯ ಮೇಲೆ ಗಟ್ಟಿ ರಬ್ಬರಿನ ಬಿಲ್ಲೆ ಗುಂಡಿನ ಹಾಗೆ ಹಾರಿ ಬರ್ತದೆ. ಹಿಂದೆ ಗೋಲಿ ಮುಖವಾಡ ಹಾಕುತ್ತಿರಲಿಲ್ಲ. ಅವನ ಮುಖದ ಹೊಲಿಗೆ ಎಣಿಸಿದರೆ ಎಷ್ಟು ವರ್ಷ ಆಡಿದ್ದಾನೆ ಅಂತ ಗೊತ್ತಾಗುತ್ತಿತ್ತು. 1959ರ ನವೆಂಬರ್ 1ರಂದು ಜಾಕ್ ಪ್ಲಾಂಟ್ ಅನ್ನೋ ಗೋಲಿ ಮುಖಕ್ಕೆ ಪೆಟ್ಟು ತಿಂದು, ಹೊಲಿಗೆ ಹಾಕಿಸಿಕೊಂಡು, ಮುಖವಾಡ ತೊಟ್ಟೇ ವಾಪಸ್ ಬಂದ. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ತೊಟ್ಟರು. ಮುಖದ ಗುರುತು ಮಾಯವಾಯ್ತು. ಮುಂದೆ ಬಾಸ್ಟನ್ ತಂಡದ ಗೆರ್ರಿ ಚೀವರ್ಸ್ ಏನು ಮಾಡಿದ ಗೊತ್ತಾ? ಬಿಲ್ಲೆ ಮುಖವಾಡಕ್ಕೆ ಬಡಿದಾಗಲೆಲ್ಲ, ಮುಖವಾಡ ಇಲ್ಲದಿದ್ದರೆ ಎಲ್ಲಿ ಹೊಲಿಗೆ ಬೀಳ್ತಿತ್ತೋ ಅಲ್ಲಿ ಕಪ್ಪು ಬಣ್ಣದಿಂದ ಹೊಲಿಗೆ ಬರೆಸಿಕೊಂಡ. ಮೈಮೇಲಿನ ಗುರುತು ಸಾಮಾನಿನ ಮೇಲೆ ಬಂತು.

ನಮ್ಮ ಕಡೆ ಪದಗಳ ಮೇಲೂ ಇತಿಹಾಸದ ಗುರುತಿದೆ. 'ಗರಡಿ' ನಮ್ಮ ಹಳೇ ಪದ. 'ಪೈಲ್ವಾನ' ಪಾರ್ಸಿಯ ಪಹಲವಾನ್. 'ವಸ್ತಾದ' ಅಂದರೆ ಉಸ್ತಾದ್. 'ತಾಲೀಮು' ಅರಬ್ಬಿಯಲ್ಲಿ ಕಲಿಕೆ. ಆದಿಲ್‌ಶಾಹಿ ಬಿಜಾಪುರ, ಆಮೇಲೆ ಮರಾಠಿ ಸೀಮೆ, ಆಮೇಲೆ ಮುಂಬೈ ಪ್ರಾಂತ್ಯ, 1956ರಲ್ಲಿ ಕನ್ನಡ ರಾಜ್ಯ. ಆಳಿದವರೆಲ್ಲ ಒಂದೊಂದು ಪದ ಬಿಟ್ಟು ಹೋಗಿದ್ದಾರೆ. ಗರಡಿಮನಿಯಲ್ಲಿ ಹನುಮಪ್ಪನ ಫೋಟೋ ಕೆಳಗೆ ನಿಂತು ಹುಡುಗರು ವಸ್ತಾದರ ಕಾಲು ಮುಟ್ಟುವಾಗ ಈ ಪದಗಳೆಲ್ಲ ಒಂದೇ ಕೋಣೆಯಲ್ಲಿರ್ತವೆ.

ಆಕಾರ ನೋಡಿ ಮೋಸ ಹೋದವರು

ಈಗ ಕಣ್ಣು ತಪ್ಪಿದ ಎರಡು ಕಥೆ.

ಒಂದು, 1910, ಲಂಡನ್. ಭಾರತದಿಂದ ಗಾಮಾ ಪೈಲ್ವಾನ ಹೋಗಿದ್ದ. ಎತ್ತರ ಸುಮಾರು 5 ಅಡಿ 7 ಇಂಚು. ಅಲ್ಲಿನವರ ಕಣ್ಣಿಗೆ ಕುಳ್ಳ. ಪಂದ್ಯಕ್ಕೆ ಸೇರಿಸಿಕೊಳ್ಳಲಿಲ್ಲ. ಆಗ ಗಾಮಾ ಬಹಿರಂಗ ಸವಾಲು ಹಾಕಿದ, ಯಾರು ಬೇಕಾದರೂ ಬರಲಿ ಅಂತ. ಅಮೆರಿಕದ ಬೆಂಜಮಿನ್ ರೋಲರ್ ಬಂದ, ಎರಡು ಸಲ ಚಿತ್ ಆದ. ಸೆಪ್ಟೆಂಬರ್ 10ರಂದು ಪೋಲೆಂಡ್ ಮೂಲದ ದೈತ್ಯ ಸ್ಟಾನಿಸ್ಲಾಸ್ ಜ್ಬಿಷ್ಕೊ ಎದುರಾದ. ಎರಡೂವರೆ ತಾಸಿಗಿಂತ ಹೆಚ್ಚು ಹೊತ್ತು ನಡೆದ ಆ ಕುಸ್ತಿಯಲ್ಲಿ ಜ್ಬಿಷ್ಕೊ ಬಹುಪಾಲು ಹೊತ್ತು ಕೆಳಗೆ ಬೋರಲು ಬಿದ್ದು ಬೆನ್ನು ಕಾಪಾಡಿಕೊಂಡ. ಫಲಿತಾಂಶ ಬರಲಿಲ್ಲ. ಮತ್ತೆ ಸೆಪ್ಟೆಂಬರ್ 17ಕ್ಕೆ ದಿನ ಇಟ್ಟರು. ಆ ದಿನ ಅವನು ಬರಲೇ ಇಲ್ಲ, ಗಾಮಾ ಗೆದ್ದ ಅಂತ ಘೋಷಿಸಿದರು. 1928ರಲ್ಲಿ ಪಟಿಯಾಲಾದಲ್ಲಿ ಇಬ್ಬರೂ ಮತ್ತೆ ಕೈ ಕೂಡಿಸಿದಾಗ ಒಂದು ನಿಮಿಷದೊಳಗೆ ಜ್ಬಿಷ್ಕೊ ನೆಲಕ್ಕೆ ಬಿದ್ದ. ಎತ್ತರ ಅಳೆದವರು ಲಂಡನ್ನಿನಲ್ಲಿ ಏನನ್ನ ನೋಡಲಿಲ್ಲ ಅಂದರೆ, ದಿನಾ ಸಾವಿರಗಟ್ಟಲೆ ಬೈಠಕ್, ದಂಡ ಹೊಡೆದ ರೂಢಿಯನ್ನ.

ಎರಡನೇ ಕಥೆ ನಮಗೆ ಹತ್ತಿರದ್ದು. ಪಕ್ಕದ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಕುಸ್ತಿಗೆ ದೊಡ್ಡ ಆಸರೆ ಕೊಟ್ಟರು. ಅಲ್ಲಿನ ಖಾಸಬಾಗ್ ಮೈದಾನ 1912ರದ್ದು. ಉತ್ತರ ಕರ್ನಾಟಕದ ಪೈಲ್ವಾನರಿಗೆ ಕೊಲ್ಹಾಪುರ ಅಂದರೆ ಇವತ್ತಿಗೂ ಕಾಶಿ ಇದ್ದಂಗ. ಆ ಸೀಮೆಯ ಕರಾಡ ಹತ್ತಿರದ ಗೋಳೇಶ್ವರದ ಹುಡುಗ ಖಾಶಾಬಾ ಜಾಧವ್, ಹುಟ್ಟಿದ್ದು 1926ರಲ್ಲಿ. ಸಣ್ಣ ಮೈ. ಪೈಲ್ವಾನ ಅಂದರೆ ಆನೆ ಗಾತ್ರ ಅಂದುಕೊಂಡವರ ಕಣ್ಣಿಗೆ ಬೀಳುವಂಥವನಲ್ಲ. 1948ರ ಲಂಡನ್ ಒಲಿಂಪಿಕ್ಸಿಗೆ ಹೋದ. ಮಣ್ಣಿನಲ್ಲಿ ಪಳಗಿದ ಕಾಲಿಗೆ ಮ್ಯಾಟ್ ಹೊಸದು, ನಿಯಮ ಹೊಸದು. ಆರನೇ ಸ್ಥಾನ ಬಂತು. ನಾಲ್ಕು ವರ್ಷ ದುಡಿದು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದ. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ಗೆದ್ದ ಮೊದಲ ಒಲಿಂಪಿಕ್ ಪದಕ ಅದು.

ಖಾಶಾಬಾ ಕಥೆಯಲ್ಲಿ ಇನ್ನೊಂದು ಪಾಠ ಇದೆ. ಮಣ್ಣಿನ ಕುಸ್ತಿಗೆ ಸಮಯ ಇಲ್ಲ, ಅಂಕ ಇಲ್ಲ, ಬೆನ್ನು ನೆಲಕ್ಕೆ ತಾಗಬೇಕು ಅಷ್ಟೇ. ಅಲ್ಲಿ ಕಾಯುವವನು ಜಾಣ. ಮ್ಯಾಟ್ ಮೇಲೆ ಈಗ ಮೂರು ನಿಮಿಷದ ಎರಡು ಸುತ್ತು, ಪ್ರತಿ ಪಟ್ಟಿಗೂ ಅಂಕ. ಅಲ್ಲಿ ಸುಮ್ಮನೆ ಕಾಯುತ್ತಾ ನಿಂತರೆ ಸೋಲು. ಹಾಗಾಗಿ ಒಂದು ಕಡೆ ಒಳ್ಳೇ ಗುರುತು ಅನಿಸಿದ್ದು ಇನ್ನೊಂದು ಕಡೆ ಕೊರತೆ ಆಗಬಹುದು.

ಪಳಗಿದ ಕಣ್ಣು ಏನೇನು ನೋಡುತ್ತದೆ?

ಹಾಗಾದರೆ ಒಳ್ಳೇ ಆಟಗಾರನನ್ನು ಗುರುತಿಸೋದು ಹೇಗೆ? ಹಳಬರು ನೋಡೋದನ್ನ ಒಂದೊಂದಾಗಿ ಹೇಳ್ತೀನಿ. ಮುಂದಿನ ಸಲ ಜಾತ್ರೆಗೆ ಹೋದಾಗ ನೀವೂ ನೋಡ್ರಿ.

ಸಾಮಾನಿನಿಂದ ಶುರು ಮಾಡೋಣ. ಲಂಗೋಟ ಹೊಚ್ಚ ಹೊಸದಾಗಿ ಕೆಂಪಗೆ ಮಿಂಚುತ್ತಿದ್ದರೆ ಅದರಿಂದ ಏನೂ ಗೊತ್ತಾಗೋದಿಲ್ಲ. ಒಗೆದು ಒಗೆದು ಬಣ್ಣ ಬಿಟ್ಟ ಲಂಗೋಟ, ಅದನ್ನು ಎರಡು ಸಲ ಬಿಚ್ಚಿ ಸರಿ ಮಾಡಿಕೊಳ್ಳದೆ ಒಂದೇ ಸಲಕ್ಕೆ ಬಿಗಿಯಾಗಿ ಕಟ್ಟೋ ಕೈ, ಇದು ವರ್ಷಗಳ ಲೆಕ್ಕ. ಮ್ಯಾಟ್ ಆಡುವವನಾದರೆ ಬೂಟಿನ ತಳ ನೋಡ್ರಿ. ಹೆಬ್ಬೆರಳಿನ ಒಳ ಅಂಚು ಸವೆದಿದ್ದರೆ ಅವನು ಕಾಲು ಒತ್ತಿ ಮುನ್ನುಗ್ಗುವವನು. ಉಗುರು ಕತ್ತರಿಸಿದೆಯಾ, ಕಡಗ, ಉಂಗುರ, ಕೊರಳ ದಾರ ಖಾಡಾಕ್ಕೆ ಇಳಿಯೋ ಮೊದಲೇ ತೆಗೆದಿಟ್ಟಿದ್ದಾನಾ? ಎದುರಾಳಿಯ ಕಣ್ಣು, ಚರ್ಮ ಉಳಿಸೋ ಜವಾಬ್ದಾರಿ ಗೊತ್ತಿದ್ದವನು ಯಾರೂ ಹೇಳದೇ ಇದನ್ನ ಮಾಡ್ತಾನೆ.

ಮೈಮೇಲೆ ನೋಡೋದಾದರೆ ಕಿವಿಗಿಂತ ಕುತ್ತಿಗೆ ಮೇಲು. ಕಿವಿ ಒಂದೆರಡು ಪೆಟ್ಟಿಗೂ ಮುದುಡಬಹುದು, ಕುತ್ತಿಗೆ ದಪ್ಪ ಆಗೋದಕ್ಕೆ ವರ್ಷಗಳು ಬೇಕು. ಮೊಣಕಾಲು, ಮೊಣಕೈ ಮೇಲಿನ ಒರಟು ಚರ್ಮವೂ ಹಾಗೇ.

ಗರಡಿಯೊಳಗಿನ ರೂಢಿ ಇನ್ನೂ ದೊಡ್ಡ ಗುರುತು. ಬೆಳಗಿನ ಜಾವ ಖಾಡಾದ ಕೆಮ್ಮಣ್ಣನ್ನು ಅಗೆದು ಮೆದು ಮಾಡಬೇಕು. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ಲಿಂಬೆಹುಳಿ ಹಾಕಿರ್ತಾರೆ. ಮಣ್ಣು ಗಟ್ಟಿ ಇದ್ದರೆ ಬಿದ್ದವನ ಎಲುಬು ಮುರೀತದ. ಅಗೆಯೋ ಕೆಲಸವೇ ಒಂದು ವ್ಯಾಯಾಮ. ಸಲಿಕೆ ಮೊದಲು ಹಿಡಿಯೋನು ಯಾರು, ಎಲ್ಲ ಮುಗಿದ ಮೇಲೆ ಬಂದು ಲಂಗೋಟ ಕಟ್ಟೋನು ಯಾರು ಅಂತ ವಸ್ತಾದರು ಮೂಲೆಯಲ್ಲಿ ಕೂತು ಲೆಕ್ಕ ಇಡ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲಲ್ಲಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿ ಒಳಗೆ ಬರೋದು ಭಕ್ತಿ ಇರಬಹುದು. ಅದರ ಜೊತೆಗೆ, ನಾನೀಗ ಬೇರೆ ಕೆಲಸಕ್ಕೆ ಇಳೀತಿದ್ದೀನಿ ಅಂತ ಮನಸ್ಸಿಗೆ ಹೇಳಿಕೊಳ್ಳೋ ರೂಢಿಯೂ ಹೌದು.

ಇನ್ನು ಕುಸ್ತಿ ಶುರುವಾದ ಮೇಲೆ. ಬೆವರಿದ ಮೈ ಜಾರಬಾರದು ಅಂತ ಇಬ್ಬರೂ ಒಬ್ಬರ ಮೈಗೆ ಒಬ್ಬರು ಮಣ್ಣು ಹಾಕಿಕೊಳ್ತಾರೆ. ನನ್ನ ಹಿಡಿತ ನಿನಗೂ ಸಿಗಲಿ, ನಿನ್ನದು ನನಗೂ ಸಿಗಲಿ ಅಂತ. ಪಳಗಿದವನು ಎದುರಾಳಿಯ ಮುಖ ನೋಡೋದಿಲ್ಲ, ಎದೆ ಮತ್ತು ಸೊಂಟ ನೋಡ್ತಾನೆ. ಮುಖ ಸುಳ್ಳು ಹೇಳಬಹುದು, ಸೊಂಟ ತಿರುಗದೆ ಯಾವ ಪಟ್ಟೂ ಬರೋದಿಲ್ಲ. ಉಸಿರು ಮೂಗಿನಿಂದ ತಗೊಳ್ತಾನೆ. ನೇರ ಹಿಂದೆ ಸರಿಯೋದಿಲ್ಲ, ಬದಿಗೆ ಸರೀತಾನೆ. ಮೊದಲ ಅರ್ಧ ನಿಮಿಷ ಎದುರಾಳಿಯ ಬಲ ಅಳೀತಾನೆ. ಹೊಸಬ ಅಷ್ಟು ಹೊತ್ತಿಗೆ ತನ್ನ ಬಲ ಎಲ್ಲ ಖರ್ಚು ಮಾಡಿರ್ತಾನೆ.

ಇನ್ನೊಂದು, ಬಿದ್ದಾಗ ಏನು ಮಾಡ್ತಾನೆ? ಬಿದ್ದ ಕೂಡಲೇ ಮೈ ಉಂಡೆ ಮಾಡಿ ತಿರುಗೋದು ಅಭ್ಯಾಸದಿಂದ ಬರೋ ಗುಣ. ಸೋತ ಮೇಲೆ ಎದ್ದು, ಗೆದ್ದವನ ಕೈ ಹಿಡಿದು, ಜೋಡಿ ಹಚ್ಚಿದ ಹಿರಿಯರ ಕಾಲು ಮುಟ್ಟಿ ಹೋಗುವವನು ಮುಂದಿನ ಜಾತ್ರೆಗೆ ವಾಪಸ್ ಬರ್ತಾನೆ. ಜಗಳಕ್ಕೆ ನಿಂತವನು ಬರೋದು ಕಡಿಮೆ.

ಇಷ್ಟು ನೋಡಿದ ಮೇಲೆ ಒಂದು ವ್ಯತ್ಯಾಸ ಗೊತ್ತಾಗುತ್ತದೆ. ಕಿವಿ, ಗಾಯ, ಹಳೇ ಲಂಗೋಟ, ಇವು ಆಟಗಾರ ಇಲ್ಲಿವರೆಗೆ ಎಷ್ಟು ದೂರ ಬಂದಿದ್ದಾನೆ ಅಂತ ಹೇಳ್ತವೆ. ಮುಂದೆ ಎಷ್ಟು ದೂರ ಹೋಗ್ತಾನೆ ಅನ್ನೋದನ್ನ ಅವನ ರೂಢಿ ಹೇಳ್ತದೆ. ಗಾಮಾನ ಎತ್ತರ ಅಳೆದವರು ಈ ಎರಡನೇ ಲೆಕ್ಕ ಹಾಕಲೇ ಇಲ್ಲ.

ಈ ಕಣ್ಣು ಈಗ ಯಾಕೆ ಬೇಕು?

ಇದೆಲ್ಲ ಹಳೇ ಕಥೆ, ನಮಗೇನು ಅಂತ ಕೇಳಬಹುದು. ಮೂರು ಕಾರಣ ಹೇಳ್ತೀನಿ.

ಒಂದು, ಕಿವಿ ಈಗ ಫ್ಯಾಷನ್ ಆಗಿದೆ. ಪೈಲ್ವಾನ ಅನ್ನಿಸಿಕೊಳ್ಳೋದಕ್ಕೆ ಬೇಕಂತಲೇ ಕಿವಿ ಜಜ್ಜಿಕೊಳ್ಳುವ ಹುಡುಗರಿದ್ದಾರೆ. ಸಾಕ್ರೆಟಿಸ್ ನಕ್ಕದ್ದು ಇದಕ್ಕೇ. ಆದರೆ ಇದು ನಗೋ ವಿಷಯ ಅಲ್ಲ. ಬಾತ ಕಿವಿಯಲ್ಲಿ ಸೋಂಕಾಗಬಹುದು, ರಂಧ್ರ ಮುಚ್ಚಿ ಕೇಳಿಸೋದೇ ಕಡಿಮೆ ಆಗಬಹುದು. ಆಡುವಾಗ ಕಿವಿ ಬಾತರೆ ಒಂದೆರಡು ದಿನದೊಳಗೆ ಕಿವಿ ಡಾಕ್ಟರ ಹತ್ತಿರ ಹೋಗಿ ರಕ್ತ ತೆಗೆಸಿ, ಒತ್ತಿ ಪಟ್ಟಿ ಕಟ್ಟಿಸಿಕೊಂಡರೆ ಕಿವಿ ಉಳೀತದೆ. ಮನೆಯಲ್ಲೇ ಸೂಜಿ ಚುಚ್ಚೋದು ಬೇಡ. ಅಮೆರಿಕದ ಹೈಸ್ಕೂಲು ಕುಸ್ತಿಯಲ್ಲಿ ಕಿವಿಗೆ ಕವಚ ಕಡ್ಡಾಯ. ಅಲ್ಲಿಯ ಒಳ್ಳೇ ಹುಡುಗನ ಕಿವಿ ನಮ್ಮ ನಿಮ್ಮ ಕಿವಿಯ ಹಾಗೇ ಇರಬಹುದು. ಅವನ ಆಟವೇನೂ ಕಡಿಮೆ ಆಗಿಲ್ಲ.

ಎರಡು, ಹುಡುಗಿಯರು. ಗರಡಿಮನಿಯ ಹೊಸ್ತಿಲು ಬಹಳ ಕಾಲ ಅವರಿಗೆ ಮುಚ್ಚಿತ್ತು. ಒಲಿಂಪಿಕ್ಸ್‌ನಲ್ಲಿ ಮಹಿಳಾ ಕುಸ್ತಿ ಸೇರಿದ್ದೇ 2004ರಲ್ಲಿ. 2016ರಲ್ಲಿ ಸಾಕ್ಷಿ ಮಲಿಕ್ ರಿಯೊದಲ್ಲಿ ಕಂಚು ತಂದರು. ಉತ್ತರ ಕರ್ನಾಟಕದ ಹುಡುಗಿಯರೂ ಈಗ ಮ್ಯಾಟ್ ಮೇಲೆ ಆಡ್ತಿದ್ದಾರೆ. ಲಂಗೋಟ, ಮೀಸೆ, ದಪ್ಪ ತೊಡೆ ನೋಡೋ ಹಳೇ ಕಣ್ಣಿಗೆ ಇವರು ಕಾಣೋದೇ ಇಲ್ಲ. ರೂಢಿ ನೋಡೋ ಕಣ್ಣಿಗೆ ಕಾಣ್ತಾರೆ. ಸೊಂಟ ನೋಡೋದು, ಬದಿಗೆ ಸರಿಯೋದು, ಬಿದ್ದು ತಿರುಗೋದು, ಇವಕ್ಕೆ ಗಂಡು ಹೆಣ್ಣು ಅನ್ನೋ ಭೇದ ಇಲ್ಲ.

ಮೂರು, ಸಣ್ಣ ಮೈಯ ಹುಡುಗರು. 2020ರ ಫೆಬ್ರವರಿಯಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ ಗ್ರೀಕೊ ರೋಮನ್ ಶೈಲಿಯಲ್ಲಿ ಕಂಚು ಗೆದ್ದರು. ಅವರ ವರ್ಗ ಎಷ್ಟು ಗೊತ್ತಾ? 55 ಕಿಲೋ. ಜಾತ್ರೆಯ ಕಡೆಯ ಕುಸ್ತಿಗೆ, ಬೆಳ್ಳಿ ಗದೆಗೆ, ಇಷ್ಟು ತೂಕದವರನ್ನ ಯಾರೂ ಎಬ್ಬಿಸೋದಿಲ್ಲ. ಇಂಡಿಯಲ್ಲೋ ಮುದ್ದೇಬಿಹಾಳದಲ್ಲೋ ತೆಂಗಿನಕಾಯಿ ಕುಸ್ತಿ ಗೆದ್ದು, ಕಾಯಿ ಮನೆಗೆ ಒಯ್ದು, ಆಮೇಲೆ ನೀನು ಸಣ್ಣವನು ಅನ್ನಿಸಿಕೊಂಡು ಆಟ ಬಿಟ್ಟವರಲ್ಲಿ ಎಂಥೆಂಥವರು ಇದ್ದರೋ. ಅವರ ರೂಢಿ ಕಂಡು ದಾವಣಗೆರೆಯದೋ ಇನ್ನೆಲ್ಲಿಯದೋ ಕ್ರೀಡಾ ನಿಲಯಕ್ಕೆ ಕಳಿಸೋ ಒಬ್ಬ ಹಿರಿಯ ಇದ್ದರೆ ಸಾಕಿತ್ತು.

ಜೋಡಿ ಹಚ್ಚೋ ಹಿರಿಯರು ದಿನೇ ದಿನೇ ಕಡಿಮೆ ಆಗ್ತಿದ್ದಾರೆ. ಅವರಿಗೆ ಗೊತ್ತಿರೋದು ಯಾವ ಪುಸ್ತಕದಲ್ಲೂ ಪೂರ್ತಿ ಬರೆದಿಲ್ಲ. ನಿಮ್ಮ ಊರಲ್ಲಿ ಅಂಥ ಅಜ್ಜ ಇದ್ದರೆ ಈ ವಾರ ಹೋಗಿ ಮಾತಾಡಿಸ್ರಿ. "ಯಜ್ಜಾ, ಇಬ್ಬರು ಹುಡುಗರು ನಿಂತಾಗ ನೀ ಮೊದಲು ಏನು ನೋಡ್ತಿ?" ಅಂತ ಕೇಳ್ರಿ. ಅವರು ಒಪ್ಪಿದರೆ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ರಿ. ಅವಸರ ಮಾಡಬ್ಯಾಡ್ರಿ, ಅವರು ಮೊದಲು ಒಂದು ಹಳೇ ಕುಸ್ತಿಯ ಕಥೆ ಹೇಳ್ತಾರೆ. ಉತ್ತರ ಆ ಕಥೆಯ ನಡುವೆ ಎಲ್ಲೋ ಬರ್ತದ.